ಧ್ವನಿ: ಪತ್ನಿ

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ದುಬೈಯ ದೇರಾದ ಆ ಮನೆಯ ಸೋಫಾ ಹಸಿರು ಬಣ್ಣದ್ದೆಂದು ನನ್ನ ನೆನಪು. ನನ್ನ ಡೈರಿಯಲ್ಲಿ ನೀಲಿ ಎಂದಿದೆ. ಡೈರಿಯನ್ನೇ ನಂಬೋಣವೆಂದರೆ, ಅದನ್ನು ನಾನು ವಾರಕ್ಕೊಮ್ಮೆ, ಶುಕ್ರವಾರ ಬಟ್ಟೆ ಒಣಹಾಕಿ ಬಂದ ಮೇಲೆ, ಆರು ದಿನಗಳನ್ನು ಒಟ್ಟುಗೂಡಿಸಿ ಬರೆಯುತ್ತಿದ್ದೆ. ಹಾಗಾಗಿ ಬಣ್ಣಗಳ ವಿಷಯದಲ್ಲಿ ನನ್ನನ್ನು ನಂಬಬೇಡಿ. ಮಾತುಗಳ ವಿಷಯದಲ್ಲಿ ಸ್ವಲ್ಪ ನಂಬಬಹುದು, ಏಕೆಂದರೆ ಅವುಗಳಲ್ಲಿ ಕೆಲವು ಟೇಪಿನಲ್ಲಿವೆ.

ಧ್ವನಿ ಸಂಗ್ರಹದ ಕೆಲಸಕ್ಕೆ ಸೇರಿದ ಒಬ್ಬಿಬ್ಬರು ಹುಡುಗಿಯರು, 'ಆಗ ಕೆಲಸ ಹೇಗಿತ್ತು ಮೇಡಂ, ಇಡೀ ದಿನ ಏನು ಮಾಡ್ತಿದ್ರಿ?' ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇಡೀ ದಿನ ಹೆಸರು ಬರೆಯುತ್ತಿದ್ದೆ. ಅದರಲ್ಲಿ ಒಂದು ಹೆಸರನ್ನು ಬರೆಯದೆ ಬಿಟ್ಟೆ.

ನಾನು ಅಬುಧಾಬಿಗೆ ಹೋದದ್ದು ಗಂಡನ ವೀಸಾದ ಮೇಲೆ. ಪಾಸ್‌ಪೋರ್ಟಿನಲ್ಲಿ 'ಗೃಹಿಣಿ, ಕೆಲಸಕ್ಕೆ ಅನುಮತಿ ಇಲ್ಲ' ಎಂಬ ಮುದ್ರೆ ಬಿದ್ದಿತ್ತು. ಧಾರವಾಡದಲ್ಲಿ ಜಾನಪದ ಓದಿ ಎಂ.ಎ. ಮಾಡಿದವಳು ಎರಡು ವರ್ಷ ಆ ಮುದ್ರೆ ಹೇಳಿದ ಹಾಗೇ ಇದ್ದೆ. ಆಮೇಲೆ ಅಲ್ಲಿಯ ಒಂದು ಸಾಂಸ್ಕೃತಿಕ ಸಂಸ್ಥೆಯಲ್ಲಿ, ಪರದೇಶಗಳಿಂದ ಬಂದವರ ಬಾಯಿಪದಗಳನ್ನು ಧ್ವನಿಮುದ್ರಿಸಿ ಇಡುವ ಸಣ್ಣ ವಿಭಾಗದಲ್ಲಿ, ಟೇಪುಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತು. ಆಗ ಕಂಪ್ಯೂಟರ್ ನಮ್ಮ ಕೋಣೆಗೆ ಬಂದಿರಲಿಲ್ಲ. ಪ್ರತಿ ಟೇಪಿಗೂ ಒಂದು ದಪ್ಪ ಕಾರ್ಡು. ಮೊದಲ ಮೂರು ಗೆರೆ ಹೀಗೆ: ಕವಿ, ಯಾರ ಹೊಗಳಿಕೆ, ಧ್ವನಿ.

'ಹೊಗಳಿಕೆ' ಎಂಬ ಗೆರೆ ಯಾಕೆಂದರೆ, ನಮ್ಮ ಮುಖ್ಯಸ್ಥ ಡಾಕ್ಟರ್ ಇದ್ರೀಸ್ ಅವರಿಗೆ ಆಫ್ರಿಕಾದ ಹೊಗಳಿಕೆಯ ಕಾವ್ಯವೆಂದರೆ ಪ್ರಾಣ. ಸುಡಾನಿನವರು, ಉದ್ದಕ್ಕೆ ತೆಳ್ಳಗೆ, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು: "ದುಬೈ ಅಂದರೆ ಎಲ್ಲರಿಗೂ ಚಿನ್ನದ ಅಂಗಡಿ. ನನಗೆ ಅದು ಅರ್ಧ ಆಫ್ರಿಕಾ ಫ್ರಿಜ್ ಕೊಳ್ಳಲು ಬರುವ ಬಂದರು. ಫ್ರಿಜ್ ಕಟ್ಟಿಸಿಕೊಳ್ಳುವವನ ಹತ್ತಿರ ಹೋಗಿ, 'ನಿಮ್ಮೂರಲ್ಲಿ ನಿಮ್ಮನ್ನು ಏನೆಂದು ಹೊಗಳುತ್ತಾರೆ?' ಎಂದು ಕೇಳಿ. ಫ್ರಿಜ್ ಮರೆತುಬಿಡುತ್ತಾನೆ." ಹೊಗಳಿಕೆಯೆಂದರೆ ಮುಖಸ್ತುತಿಯೇ ಎಂದು ನಾನು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. "ಅಲ್ಲ. ಅವನು ಎಲ್ಲಿ ಗೆದ್ದ, ಎಲ್ಲಿಂದ ಓಡಿದ, ಎರಡೂ ಅದರಲ್ಲಿರುತ್ತದೆ. ಮನುಷ್ಯನ ಪೂರ್ತಿ ಅಳತೆ ಅದು." ಇಷ್ಟು ವರ್ಷ ಎಷ್ಟೋ ಜನರ ಕೈಕೆಳಗೆ ದುಡಿದಿದ್ದೇನೆ. ಕಲಿಸುವಾಗ ತಾವೂ ಬೆರಗಾಗುತ್ತಿದ್ದವರು ಅವರೊಬ್ಬರೇ.

ಧ್ವನಿಮುದ್ರಣ ಮಾಡುತ್ತಿದ್ದವರು ಹಮೀದ್, ಉಳ್ಳಾಲದ ಕಡೆಯ ಬ್ಯಾರಿ. ಮದುವೆ ಮನೆಗಳ ಮೈಕಿನ ಕೆಲಸ ಮಾಡಿ ಬಂದವರು, ಅಂಥ ಕಿವಿ ನಾನು ಮತ್ತೆ ಕಂಡಿಲ್ಲ. ಅವರದೊಂದು ನಿಯಮವಿತ್ತು. ಹಾಡು ಮುಗಿದರೂ ಮೆಷಿನ್ ನಿಲ್ಲಿಸುತ್ತಿರಲಿಲ್ಲ. "ಜನ ಚಪ್ಪಲಿ ಹಾಕುವಷ್ಟು ಹೊತ್ತು ಓಡ್ಲಿ ಅಕ್ಕ. ಬಾಗಿಲ ಹತ್ರ ನಿಂತು ಹೇಳುದೇ ಉಂಟಲ್ಲ, ಅದು ನಿಜದ್ದು." ಟೇಪು ದಂಡವೆಂದು ನಾನು ಗೊಣಗುತ್ತಿದ್ದೆ.

ನನ್ನ ಮೊದಲ ದಡ್ಡತನದ ಕಥೆ ಹೇಳುತ್ತೇನೆ, ಮುಂದಿನದಕ್ಕೆ ಅದೇ ಬೀಜ. ಅಲ್ ಐನ್ ರಸ್ತೆಯಲ್ಲಿ ಒಂದು ಹಾಲಿನ ಫಾರ್ಮಿನಲ್ಲಿ ಪಶ್ಚಿಮ ಉಗಾಂಡದ ದನಗಾಹಿಯೊಬ್ಬರಿದ್ದರು, ಎಫ್ರಾಯಿಮ್ ಎಂದು. ಅವರ ಜನಾಂಗದ ಗಂಡಸು ತನ್ನ ಹೊಗಳಿಕೆಯನ್ನು ತಾನೇ ಕಟ್ಟಿ, ಈಟಿ ಹಿಡಿದು ನಿಂತು, ಸಭೆಯ ಮುಂದೆ ಹೇಳುತ್ತಾನೆ. ಒಂದೊಂದು ನುಡಿಯೂ ಒಂದೇ ಉಸಿರಿನಲ್ಲಿ, ಕೇಳುಗರು ಕಣ್ಣು ಮಿಟುಕಿಸುವಷ್ಟರಲ್ಲಿ. ಮೈಕು ಅಲುಗಬಾರದೆಂದು ನಾನು ಅವರಿಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಕೂರಲು ಹೇಳಿದೆ. ಕೂತರು. ಬಾಯಿ ತೆರೆದರು, ಮುಚ್ಚಿದರು. ಮೂರು ಸಲ ಹೀಗಾಯಿತು. ಕೊನೆಗೆ, "ಮೇಡಂ, ನಾನು ಕೂತರೆ ನನ್ನ ಎತ್ತುಗಳೂ ಮಲಗಿಬಿಡುತ್ತವೆ" ಎಂದರು.

ಹಮೀದ್ ಕುರ್ಚಿ ಎಳೆದು ಪಕ್ಕಕ್ಕಿಟ್ಟು, "ನಿಂತ್ಕೊಳ್ಳಿ ಭಾಯ್, ಮೈಕ್ ನಾನು ಹಿಡೀತೇನೆ" ಎಂದರು. ಎಫ್ರಾಯಿಮ್ ದನ ಅಟ್ಟುವ ಕೋಲನ್ನು ಈಟಿಯಂತೆ ಅಡ್ಡ ಹಿಡಿದರು. ಅದೇ ಮನುಷ್ಯ ಒಂದು ಗೇಣು ಬೆಳೆದ ಹಾಗೆ ಕಂಡಿತು. ತಾನು ಯಾರನ್ನು ಹೆದರಿಸಿದೆ, ಯಾವ ಹೊಳೆಯಲ್ಲಿ ಹಿಂದೆ ಸರಿಯಲಿಲ್ಲ, ತನ್ನ ಹಸುಗಳ ಕೊಂಬು ಎಷ್ಟು ಅಗಲ, ಎಲ್ಲವೂ ಜಡಿಮಳೆಯಂತೆ ಸುರಿಯಿತು. ತಂತಿ ಬೇಲಿಯಾಚೆ ಕಪ್ಪು ಬಿಳಿ ಮಚ್ಚೆಯ ಫಾರ್ಮಿನ ಹಸುಗಳು ಕತ್ತೆತ್ತಿ ನೋಡುತ್ತಿದ್ದವು. ಗಂಡಸುತನವನ್ನು ಒಂದು ಕಲೆಯನ್ನಾಗಿ, ಅಷ್ಟು ಶಿಸ್ತಿನಿಂದ ಪಳಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಂಗಸರಿಗೂ ಇಂಥದ್ದಿದೆಯೇ ಎಂದು ಕೇಳಿದೆ. "ಬೆಣ್ಣೆ ಕಡೆಯುವಾಗ ಏನೋ ಹೇಳಿಕೊಳ್ಳುತ್ತಾರೆ. ಅದು ಬೇರೆ" ಎಂದರು. ನಾನೂ ಹಾಗೇ ಬರೆದುಕೊಂಡೆ: ಹೆಂಗಸರಲ್ಲಿ ಇಲ್ಲ. ಇನ್ನೊಂದು ಪ್ರಶ್ನೆ ಕೇಳಬಹುದಿತ್ತು.

ಕಾರ್ಡಿನಲ್ಲಿ, ಕವಿ: ಎಫ್ರಾಯಿಮ್. ಯಾರ ಹೊಗಳಿಕೆ: ಎಫ್ರಾಯಿಮ್. ಧ್ವನಿ: ಎಫ್ರಾಯಿಮ್. ಆ ವರ್ಷ ಇಂಥವರೇ ಇನ್ನೂ ಕೆಲವರು ಸಿಕ್ಕರು. ಮೂರು ಗೆರೆಗೆ ಒಬ್ಬ ಗಂಡಸಿನ ಒಂದೇ ಹೆಸರು ಬರೆಯುವುದು ನನ್ನ ಕೈಗೆ ರೂಢಿಯಾಯಿತು.

ಹೀಗೆ ರೂಢಿಯಾದ ಕೈಯನ್ನೇ ಹೊತ್ತುಕೊಂಡು ನಾನು ದೇರಾಕ್ಕೆ ಹೋದೆ. ತೊಂಬತ್ತರ ದಶಕದ ಕೊನೆ, ಒಂದು ಗುರುವಾರ. ಹಮೀದ್ ಕಾರನ್ನು ಕಡಲ ತೋಡಿನ ಈಚೆ ದಡದ ಬರ್ ದುಬೈಯಲ್ಲೇ ನಿಲ್ಲಿಸಿದರು. ಆಚೆ ದಡದಲ್ಲಿ ಜಾಗ ಸಿಗುವುದಿಲ್ಲವೆಂಬುದು ನೆಪ, ಅಬ್ರಾ ದೋಣಿಯಲ್ಲಿ ಗಾಳಿ ಕುಡಿಯುವ ಆಸೆ ನಿಜ. ಮೆಷಿನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಮ್ಮನ್ನು ಕರೆದವರು ನೈಜೀರಿಯಾದ ಯೊರುಬಾ ಜನಾಂಗದ ವ್ಯಾಪಾರಿ. ಎಲ್ಲರೂ ಬಾಬಾ ಕೆಮಿ ಎನ್ನುತ್ತಿದ್ದರು, ಕೆಮಿಯ ಅಪ್ಪ ಎಂದು. ಊರಿಗೆ ಬಟ್ಟೆ, ಮಿಕ್ಸಿ, ಟೀವಿ ಕಳಿಸುವ ಅಂಗಡಿ. ಅಂಗಡಿಯ ಮೇಲೇ ಮನೆ. ಗರಿಗರಿಯಾದ ಅಗಲ ನಿಲುವಂಗಿ ತೊಟ್ಟು, ಸೋಫಾ ತುಂಬ ಕೂತಿದ್ದರು.

"ಅಕ್ಕ, ಇವ್ರು ಪಟ್ಟಕ್ಕೆ ಕೂತ ಹಾಗೆ ಕೂತಿದ್ದಾರೆ ಮಾರಾಯ್ರೆ," ಹಮೀದ್ ಪಿಸುಗುಟ್ಟಿದರು, "ಮೈಕ್ ಇಡ್ಲಿಕ್ಕೆ ಜಾಗ ಎಲ್ಲುಂಟು?"

"ನನ್ನ ಪದ್ಯ ಬರೆದುಕೊಳ್ಳಲು ಬಂದಿರಿ, ಸಂತೋಷ," ಎಂದರು ಬಾಬಾ ಕೆಮಿ. "ನನ್ನ ಪದ್ಯ ಸಣ್ಣದಲ್ಲ. ನನ್ನ ಅಪ್ಪನದು, ಅಜ್ಜನದು, ಎಲ್ಲ ಅದರಲ್ಲಿದೆ." ನಾನು ಮೈಕನ್ನು ಅವರ ಕಡೆ ತಿರುಗಿಸಿದೆ. ಅವರು ಅಡುಗೆಮನೆಯ ಕಡೆ ತಿರುಗಿದರು. "ಮಾಮಾ ಕೆಮಿ! ಬಾ, ನನ್ನ ಪದ್ಯ ಹೇಳು."

"ನೀವೇ ಹೇಳುವುದಿಲ್ಲವೇ?" ಎಂದೆ.

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನನ್ನನ್ನು ನಾನೇ ಹೊಗಳಿಕೊಳ್ಳಲೇ? ನನಗೇನು ತಲೆ ಕೆಟ್ಟಿದೆಯೇ?"

ಮಾಮಾ ಕೆಮಿ, ಎಂದರೆ ಕೆಮಿಯ ಅಮ್ಮ, ಕೈ ಒರೆಸಿಕೊಳ್ಳುತ್ತ ಬಂದರು. ಮೂವತ್ತೈದರ ಸುಮಾರಿನ ಗಟ್ಟಿಮುಟ್ಟು ಹೆಂಗಸು, ತಲೆಗೆ ಹಳದಿ ವಸ್ತ್ರ. (ಡೈರಿಯಲ್ಲೂ ಹಳದಿ ಎಂದೇ ಇದೆ.) ಗಂಡನ ಮುಂದೆ ಎರಡೂ ಮಂಡಿ ಊರಿದರು. ನನಗೆ ಅದು ಹಿಡಿಸಲಿಲ್ಲ. ಇಲ್ಲಿ ಯಾರು ಮೇಲು, ಯಾರು ಕೀಳು ಎಂದು ಒಂದೇ ನೋಟದಲ್ಲಿ ತೀರ್ಮಾನಿಸಿಬಿಟ್ಟೆ.

ಆಮೇಲೆ ಅವರು ಬಾಯಿ ತೆರೆದರು. ಹಾಡೂ ಅಲ್ಲ, ಮಾತೂ ಅಲ್ಲ. ದೂರದಲ್ಲಿರುವವರನ್ನು ಕೂಗಿ ಕರೆದ ಹಾಗೆ. ಒಂದರ ಹಿಂದೆ ಒಂದು ಬಿರುದು, ಬಿರುದಿಗೊಂದು ಕಥೆ. ಮಂಡಿಯ ಮೇಲಿದ್ದವರು ಯಾವಾಗ ಎದ್ದು ನಿಂತರೋ ಗೊತ್ತಾಗಲಿಲ್ಲ. ಸೋಫಾ ತುಂಬ ಕೂತಿದ್ದ ಮನುಷ್ಯ ಮಗುವಿನಂತೆ ಮುಖವೆತ್ತಿ ಕೇಳುತ್ತಿದ್ದರು. ಇದನ್ನು ಕೇಳಿದವನ ತಲೆ ಉಬ್ಬುತ್ತದೆ ಎನ್ನುತ್ತಾರೆ ಅವರಲ್ಲಿ. ನಿಜಕ್ಕೂ ಅವರ ಕತ್ತು, ಎದೆ ಎಲ್ಲ ಉಬ್ಬಿ ಬರುತ್ತಿದ್ದವು. ನಡುವೆ ಒಂದು ಕಡೆ ಗಂಡ ಹೆಂಡತಿ ಇಬ್ಬರೂ ನಕ್ಕರು. ಯಾಕೆಂದು ನಮಗೆ ಅನುವಾದ ಬಂದಮೇಲೆ ತಿಳಿಯಿತು:

ಒಂದೇ ಚೀಲ ಹೊತ್ತು ಕಡಲು ದಾಟಿದವನೇ,
ಊರಿಗೆ ಬರೆದ ಕಾಗದದಲ್ಲಿ ಮೂರು ಬಾಗಿಲಿನ ಅಂಗಡಿ ಕಟ್ಟಿದವನೇ,
ಆ ಬಾಗಿಲುಗಳಲ್ಲಿ ಒಂದನ್ನೂ ನಾನು ಕಂಡಿಲ್ಲ,
ಆದರೂ ಮೂರಕ್ಕೂ ಕಸ ಗುಡಿಸಿದವಳು ನಾನೇ.

ಇನ್ನೇನು ಶಿಖರ ಮುಟ್ಟಿತು ಎನ್ನುವಾಗ ಮಾಮಾ ಕೆಮಿ ನಿಲ್ಲಿಸಿ, ಕೆಮ್ಮಿ, ಇಂಗ್ಲಿಷಿನಲ್ಲಿ ಹೇಳಿದರು: "ಗಂಟಲು ಒಣಗಿತು. ನೀರು."

ನಾನು ಏಳುವಷ್ಟರಲ್ಲಿ ಬಾಬಾ ಕೆಮಿ ಎದ್ದಿದ್ದರು. ಅಷ್ಟು ಬಟ್ಟೆಯನ್ನು ಒಟ್ಟುಮಾಡಿ ಹಿಡಿದುಕೊಂಡು ಅಡುಗೆಮನೆಗೆ ಓಡಿ, ಲೋಟ ತುಂಬಿಸಿಕೊಂಡು ಬಂದರು. ಆಕೆ ಒಂದೊಂದೇ ಗುಟುಕು ಕುಡಿದರು. ಅವರು ಲೋಟಕ್ಕೆ ಕೈಚಾಚಿ ನಿಂತೇ ಇದ್ದರು.

"ಅಕ್ಕ, ನೋಡಿ," ಹಮೀದ್ ಕಣ್ಣು ಹೊಡೆದರು, "ಪಟ್ಟಕ್ಕೆ ಕೂತವರು ನೀರು ತರ್ಲಿಕ್ಕೆ ಹೋದದ್ದು."

ಆಮೇಲೆ ಆಕೆ ಉಳಿಸಿಕೊಂಡಿದ್ದ ಸಾಲುಗಳನ್ನು ಹೇಳಿದರು. ಅದು ಅಜ್ಜನ ಭಾಗ. ಬಾಬಾ ಕೆಮಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮುಗಿದ ಕೂಡಲೇ ನಾನು ಹಮೀದ್ ಕಡೆ ತಿರುಗಿ, ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ, "ಧನ್ಯವಾದ, ಸಾಕು, ನಿಲ್ಲಿಸಿ" ಎಂದೆ.

ಊಟಕ್ಕೆ ಕೂತಾಗ ನಾವಿಬ್ಬರೇ ಹೆಂಗಸರು ಅಡುಗೆಮನೆಯಲ್ಲಿ ಮಾತಾಡಿದೆವು. ಅವರ ನೈಜೀರಿಯಾದ ಇಂಗ್ಲಿಷ್ ನನಗೆ ಯಾಕೋ ನಮ್ಮ ಗದಗಿನ ಕನ್ನಡದ ಹಾಗೆ ಕೇಳಿಸುತ್ತಿತ್ತು, ಹಾಗೇ ಬರೆಯುತ್ತೇನೆ.

"ಇದನ್ನ ಯಾರು ಕಲಿಸಿದ್ರು?"

"ಯಾರು ಕಲಿಸ್ತಾರ? ಮದುವಿ ಆಗಿ ಬಂದ ಹೊಸದಾಗ ಅತ್ತೆಂದಿರು, ನೆಗೆಣ್ಣಿಯರು ಹೇಳೂದನ್ನ ಕೇಳಿ ಕೇಳಿ ಬಂತು. ಆ ಮನಿ ಗಂಡಸರ ಕೀರ್ತಿ ಎಲ್ಲಾ ಹೊರಗಿಂದ ಬಂದ ಹೆಂಗಸರ ಬಾಯಾಗ ಇರತೈತಿ."

"ಸಿಟ್ಟು ಬಂದ ದಿನ?"

"ಅಜ್ಜನ್ನ ಬಿಟ್ಟುಬಿಡ್ತೀನಿ. ಅವತ್ತು ಇವರು ಅಂಗಡಿಗೆ ಅರ್ಧಾ ಎತ್ತರದಾಗ ಹೋಗ್ತಾರ."

ಇಬ್ಬರೂ ನಕ್ಕೆವು. ಅವರಲ್ಲಿ ಸೊಸೆ ಗಂಡನ ಮನೆಯವರ ಹೆಸರು ಹಿಡಿಯುವಂತಿಲ್ಲ, ಆರು ವರ್ಷದ ಮೈದುನನಿಗೂ ಬೇರೆ ಹೆಸರು ಕಟ್ಟಿ ಕರೆಯಬೇಕಂತೆ. ನಮ್ಮಲ್ಲೂ ಗಂಡನ ಹೆಸರನ್ನು ನೇರ ಹೇಳುವುದಿಲ್ಲ, ಒಡಪಿನಲ್ಲಿ ಸುತ್ತಿ ಹೇಳುತ್ತೇವೆ ಎಂದು ನಮ್ಮ ಅತ್ತೆಯ ಒಂದು ಒಡಪನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ: "ತಾಮ್ರದ ಹಂಡೇದಾಗ ಕಾದೈತಿ ನೀರ, ವೀರಭದ್ರಪ್ಪನ ಸಿಟ್ಟಿಗೆ ಅಂಜೂದಿಲ್ಲ ನಾ ಚೂರ." ಅವರು ತೊಡೆ ತಟ್ಟಿಕೊಂಡು ನಕ್ಕರು. ನನ್ನ ಮಗಳ ಹೆಸರು ಸ್ಮಿತಾ ಎಂದು ಕೇಳಿಕೊಂಡವರು ಅಂದಿನಿಂದ ನನ್ನನ್ನು ಮಾಮಾ ಸ್ಮಿತಾ ಎಂದೇ ಕರೆದರು.

ಹೊರಡುವಾಗ ಅನುಮತಿ ಪತ್ರ ತುಂಬಬೇಕಿತ್ತು. ಅದಕ್ಕೆ ವೀಸಾದ ನಕಲು ಬೇಕು. ಆಕೆ ಗಂಡನ ವೀಸಾದ ಮೇಲಿದ್ದವರು. ಬಾಬಾ ಕೆಮಿ ತಮ್ಮ ಕಾಗದಗಳ ಫೈಲು ತಂದು ತಮ್ಮ ನಕಲು ತೆಗೆದುಕೊಟ್ಟರು. "ನಿಮ್ಮ ಹೆಸರು?" ಎಂದು ನಾನು ಆಕೆಯನ್ನು ಕೇಳಿದೆ, ಅದು ನಿಜ. "ಮಾಮಾ ಕೆಮಿ ಅಂತ ಬರೀರಿ, ಎಲ್ಲಾರೂ ಹಂಗ ಕರೀತಾರ" ಎಂದರು. ಅದು ಹೆಸರಲ್ಲವಲ್ಲ ಎಂದುಕೊಂಡೆ. ಬಾಬಾ ಕೆಮಿ, "ಪದ್ಯ ನನ್ನದು ತಾನೇ? ನನ್ನ ಹೆಸರು ಹಾಕಿ" ಎಂದರು, ಯಾವ ಕಪಟವೂ ಇಲ್ಲದೆ. ಮೂರು ಗೆರೆಗೆ ಒಂದೇ ಹೆಸರು ಬರೆದು ರೂಢಿಯಾಗಿದ್ದ ನನ್ನ ಕೈ ಎರಡು ಗೆರೆಗೆ ಅವರ ಹೆಸರು ಬರೆಯಿತು. ಮೂರನೆಯದರಲ್ಲಿ ಹೆಣ್ಣುಧ್ವನಿಯನ್ನು ಅಡಗಿಸುವಂತಿರಲಿಲ್ಲವಾದ್ದರಿಂದ ಹೀಗೆ ಬರೆದೆ: ಧ್ವನಿ: ಪತ್ನಿ.

ಅದೇ ಫೈಲಿನಲ್ಲಿ, ಮುಂದಿನ ಹಾಳೆಯಲ್ಲಿ, ಆಕೆಯ ಪಾಸ್‌ಪೋರ್ಟಿನ ನಕಲೂ ಇತ್ತೆಂದು ಆಮೇಲೆ ತಿಳಿಯಿತು. ಹಾಳೆ ತಿರುಗಿಸಿದ್ದರೆ ಹೆಸರಿತ್ತು. ಅದರ ಮೇಲೆ, ಎರಡು ವರ್ಷ ನನ್ನ ಪಾಸ್‌ಪೋರ್ಟಿನಲ್ಲಿದ್ದ ಮುದ್ರೆಯೂ ಇದ್ದಿರಬೇಕು.

ಕಚೇರಿಗೆ ಬಂದ ಮೇಲೆ ಕೇಳುಗರಿಗಾಗಿ ನಕಲು ಟೇಪು ಮಾಡುವಾಗ, ನನ್ನ 'ನಿಲ್ಲಿಸಿ' ಎಂಬ ಮಾತಿನ ನಂತರದ್ದನ್ನೆಲ್ಲ ಕತ್ತರಿಸಲು ಹೇಳಿದೆ. ಹಮೀದ್ ಎಂದಿನಂತೆ ಓಡಿಸಿಯೇ ಇದ್ದರು. ಬರೀ ತಟ್ಟೆ ಲೋಟದ ಸದ್ದು, ಅರ್ಥವಾಗದ ಮಾತು. ಪೂರ್ತಿಯಾದ ಮೂಲ ಟೇಪು, ಟೇಪುಗಳನ್ನು ಕಾಪಿಡುವ ತಂಪು ಕೋಣೆಗೆ ಹೋಯಿತು.

ಕೆಲಸದ ರೀತಿ ಬದಲಾಯಿತು. ಕ್ಯಾಸೆಟ್ಟು ಹೋಗಿ ಮಿನಿಡಿಸ್ಕು ಬಂತು, ಅದು ಹೋಗಿ ಎಲ್ಲವೂ ಕಂಪ್ಯೂಟರಿಗೆ ಏರತೊಡಗಿತು. ಹೊಸ ಪಟ್ಟಿಯಲ್ಲಿ 'ಕವಿ' ಎಂಬ ಒಂದೇ ಮನೆ; ನನ್ನ ಮೂರನೆಯ ಗೆರೆಗೆ ಜಾಗವಿರಲಿಲ್ಲ. ಆ ಪಟ್ಟಿಯನ್ನು ತುಂಬಿಸಿದವಳೂ ನಾನೇ. ವೇಗವಾಗಿ ಮುಗಿಸಿದ್ದಕ್ಕೆ ಹೊಗಳಿಕೆ ಬಂದದ್ದು ಡೈರಿಯಲ್ಲಿದೆ.

ಎರಡು ಸಾವಿರದ ಐದೋ ಆರೋ. ಒಂದು ಬೆಳಿಗ್ಗೆ ಸ್ವಾಗತದ ಮೇಜಿನಿಂದ ಫೋನು: "ಇಲ್ಲೊಬ್ಬರು ಹೆಂಗಸು ಮಾಮಾ ಸ್ಮಿತಾ ಬೇಕು ಅಂತಿದ್ದಾರೆ. ಆ ಹೆಸರಿನವರು ಯಾರೂ ಇಲ್ಲ ಅಂದೆ, ಹೋಗ್ತಿಲ್ಲ."

ಇಳಿದು ಓಡಿದೆ. ಮಾಮಾ ಕೆಮಿ ಕಪ್ಪು ಬಟ್ಟೆಯಲ್ಲಿ ಕೂತಿದ್ದರು. ಬಾಬಾ ಕೆಮಿ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟಿದ್ದರು. ಬಾಬಾ ಕೆಮಿಯ ತಮ್ಮ ಬಂದು ಶವವನ್ನು ಊರಿಗೆ ಒಯ್ದಿದ್ದ. ಗಂಡನ ಜೊತೆ ವೀಸಾವೂ ಹೋದದ್ದರಿಂದ ಮೂರು ವಾರದಲ್ಲಿ ಆಕೆ ದೇಶ ಬಿಡಬೇಕಿತ್ತು.

"ಊರಾಗ ಅವರ ನೆನಪಿನ ದಿನ ಪದ್ಯ ಹೇಳಬೇಕು," ಎಂದರು. "ಅಪ್ಪಂದು, ಅಜ್ಜಂದು ಅಲ್ಲಿ ಎಲ್ಲಾರಿಗೂ ಬರತೈತಿ. ದುಬೈದು ಯಾರಿಗೂ ಗೊತ್ತಿಲ್ಲ. ಅವರು ಇಲ್ಲಿ ಬದುಕಿದ್ದು ಯಾರಿಗೂ ಗೊತ್ತಿಲ್ಲ. ನಾ ಅವತ್ತು ನಿಮ್ಮ ಮುಂದ ಹೇಳಿದ್ದು ನನಗ ಅರ್ಧಾ ಮರತೈತಿ ಮಾಮಾ ಸ್ಮಿತಾ. ಆ ಟೇಪ್ ಕೊಡ್ರಿ."

ನಮ್ಮ ನಿಯಮ: ಟೇಪಿನ ಪ್ರತಿ ಕೊಡುವುದು ಕಾರ್ಡಿನಲ್ಲಿ ಹೆಸರಿದ್ದವರಿಗೆ. ಅವರು ತೀರಿಕೊಂಡಿದ್ದರೆ, ಸಂಸ್ಥೆ ಒಪ್ಪುವ ವಾರಸುದಾರರ ಸಹಿ. ಸಂಸ್ಥೆ ಒಪ್ಪುತ್ತಿದ್ದುದು ಹೆಂಡತಿಯದನ್ನಲ್ಲ, ತಮ್ಮನ ಸಹಿಯನ್ನು. ಅವನು ಬರುವುದು ಎರಡು ತಿಂಗಳ ಮೇಲೆ. ಆಕೆಯ ಧ್ವನಿಯನ್ನು ಆಕೆಗೆ ಕೊಡಲು ಮೈದುನನ ಅಪ್ಪಣೆ ಬೇಕಾಗುವಂತೆ ಮಾಡಿದವಳು ನಾನು. ಅದನ್ನು ಆಗ ಅವರಿಗೆ ಹೇಳುವ ಧೈರ್ಯ ಬರಲಿಲ್ಲ. "ಎರಡು ದಿನ ಕೊಡಿ" ಎಂದೆ.

ಡಾಕ್ಟರ್ ಇದ್ರೀಸ್ ಅವರಿಗೆ ಆಗ ನಿವೃತ್ತಿ ಹತ್ತಿರವಾಗಿತ್ತು. ಹಳೆಯ ಕಾರ್ಡನ್ನು ಅವರ ಮೇಜಿನ ಮೇಲಿಟ್ಟು, ಇದು ತಪ್ಪು, ನಾನು ಬರೆದದ್ದು ಎಂದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತಪ್ಪಲ್ಲ, ಅಪೂರ್ಣ," ಎಂದರು.

"ಅಪೂರ್ಣ ಎಂದರೆ ನನಗೆ ಸಮಾಧಾನವಾಗುತ್ತದೆ ಡಾಕ್ಟರ್. ಅದಕ್ಕೇ ಆ ಪದ ಬೇಡ."

ಅವರು ಕನ್ನಡಕ ತೆಗೆದು ಒರೆಸಿದರು. "ಕೆಳಗೆ ನನ್ನ ಸಹಿ ಇದೆ, ನೋಡಿ. ಹೊಗಳಿಕೆ ಎಂದರೆ ಮನುಷ್ಯನ ಪೂರ್ತಿ ಅಳತೆ ಎಂದು ಭಾಷಣ ಮಾಡಿದವನ ಸಹಿ. ಅಳೆದವಳು ಯಾರೆಂದು ಕೇಳಲಿಲ್ಲ." ಆಮೇಲೆ ಕೆಲಸದ ಮಾತಿಗೆ ಬಂದರು. "ತಿದ್ದಿದರೆ ಸಂಸ್ಥೆಯ ಸಮಿತಿ ಆಧಾರ ಕೇಳುತ್ತದೆ. ಹೇಳಿದವರು ಆಕೆ, ಸರಿ. ಕಟ್ಟಿದವರೂ ಆಕೆಯೇ ಎಂದು ತೋರಿಸಿ. ಟೇಪಿನಲ್ಲೇ."

ಹಮೀದ್‌ಗೆ ಹೇಳಿದ್ದೇ ತಡ, "ಯಲ್ಲಾ, ನಡೀರಿ ಅಕ್ಕ, ತಂಪು ಕೋಣೆಯಿಂದ ಮೂಲದ್ದು ತರ್ತೇನೆ. ನೀವು ಕಟ್ ಮಾಡ್ಸಿದ್ದು ಅದ್ರಲ್ಲಿ ಉಂಟಲ್ಲ" ಎಂದರು. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು.

ಮರುದಿನ ಮಾಮಾ ಕೆಮಿಯನ್ನು ಪುಟ್ಟ ಕೇಳುಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದೆವು. ಡಾಕ್ಟರ್ ಬಾಗಿಲಲ್ಲಿ ನಿಂತರು. ಟೇಪು ಓಡುವಾಗ ನನಗೇನೂ ಕೇಳಿಸುತ್ತಿರಲಿಲ್ಲ. ಆಕೆಯ ಮುಖ ನೋಡುತ್ತಿದ್ದೆ. ತುಟಿ ಆಡುತ್ತಿತ್ತು. ಒಂದು ಕಡೆ ನೀರು ಕೇಳಿದ ಜಾಗ ಬಂದಿರಬೇಕು, ಕಣ್ಣು ಮುಚ್ಚಿಕೊಂಡರು. ಕೊನೆಯಲ್ಲಿ ನನ್ನ 'ನಿಲ್ಲಿಸಿ' ಕೇಳಿಸಿರಬೇಕು, ನನ್ನ ಕಡೆ ನೋಡಿದರು. ಅದಾಗಿ ಸ್ವಲ್ಪ ಹೊತ್ತಿಗೆ ಆಕೆ ಥಟ್ಟನೆ ಕೈಯೆತ್ತಿದರು.

"ಮತ್ತ ಹಾಕ್ರಿ."

ಹಮೀದ್ ಹಿಂದಕ್ಕೆ ಸುತ್ತಿದರು. ಆಕೆ ಕೇಳುತ್ತ ಕೇಳುತ್ತ ಹೇಳಿದರು: "ಇವರು ಕೇಳ್ತಾರ, 'ಮೂರು ಬಾಗಿಲ ಸಾಲು ಎಲ್ಲಿಂದ ತಂದಿ? ಅದು ನಮ್ಮ ಮನಿ ಹೆಂಗಸರು ಹೇಳಿದ್ದಲ್ಲ.' ನಾ ಅಂತೀನಿ, 'ಮುಂಜಾನೆ ಅನ್ನ ಬೇಯೂವಾಗ ಕಟ್ಟಿದೆ. ಸುಳ್ಳೇನು?' ಇವರು ಅಂತಾರ, 'ಖರೇ ಐತಿ. ಅದಕ್ಕ ಕೇಳಿದೆ.'"

ಡಾಕ್ಟರ್ ಬಾಗಿಲಲ್ಲೇ ತಮ್ಮ ಭಾಷೆಯಲ್ಲಿ ಏನೋ ಅಂದುಕೊಂಡರು. "ಖಲಾಸ್," ಎಂದರು ಹಮೀದ್, "ಇದಕ್ಕಿಂತ ದೊಡ್ಡ ಸಾಕ್ಷಿ ಎಂತದು?"

ಆದರೆ ಆಕೆ ಹೆಡ್‌ಫೋನ್ ತೆಗೆಯಲಿಲ್ಲ. ಇನ್ನೂ ಏನೋ ಬಂತು. ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿಕೊಂಡು ಬಾಗಿದರು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ಎಂದು ನಾನು ಡೈರಿಯಲ್ಲೂ ಬರೆದುಕೊಂಡಿಲ್ಲ.

ಹೆಡ್‌ಫೋನ್ ತೆಗೆದಿಟ್ಟು ಹೇಳಿದರು. ಅವರಲ್ಲಿ ಹೆಣ್ಣುಮಗುವಿಗೆ ತವರಿನಲ್ಲಿ ಅಜ್ಜಿ ಒಂದು ಹೊಗಳಿಕೆಯ ಹೆಸರು ಇಡುತ್ತಾಳೆ, ಮುದ್ದಿಗೆ. ಬಾಬಾ ಕೆಮಿ ಅದನ್ನು ಯಾರೆದುರೂ ಕರೆಯುತ್ತಿರಲಿಲ್ಲ. ಅಂದು ಮೆಷಿನ್ ನಿಂತಿದೆ ಎಂದುಕೊಂಡು, ಬಾಗಿಲ ಬಳಿ, ಒಮ್ಮೆ ಕರೆದಿದ್ದರು.

"ಕಾರ್ಡಿನಾಗ ರಶೀದತ್ ಅಂತ ಬರೀರಿ," ಎಂದರು ಆಕೆ. "ಅದು ನನ್ನ ಪಾಸ್‌ಪೋರ್ಟಿನ ಹೆಸರು. ಇದನ್ನ ಬರೀಬ್ಯಾಡ್ರಿ. ಇದನ್ನ ಕರಿಯೋರು ಹೋದ್ರು." ಆ ಹೆಸರು ನನಗೆ ಗೊತ್ತು. ಇಲ್ಲಿಯೂ ಬರೆಯುವುದಿಲ್ಲ.

ಸಮಿತಿ ಎರಡು ವಾರ ತೆಗೆದುಕೊಂಡಿತು. ಡಾಕ್ಟರ್ ಒಂದೊಂದು ಕೋಣೆಗೂ ತಾವೇ ಫೈಲು ಹಿಡಿದುಕೊಂಡು ಹೋದರು. ಮೊದಲು ಕಂಪ್ಯೂಟರಿನಲ್ಲಿ ತಿದ್ದಿದೆ, ಆಮೇಲೆ ಹಳೆಯ ಕಾರ್ಡನ್ನೂ ಕೈಯಾರೆ ಹೊಸದಾಗಿ ಬರೆದೆ. ಕವಿ: ರಶೀದತ್. ಧ್ವನಿ: ರಶೀದತ್. ಯಾರ ಹೊಗಳಿಕೆ: ಪತಿ. ಹಾಗೆ ಬರೆಯುವಾಗ ಒಂದು ಕೆಟ್ಟ ಖುಷಿಯಾಯಿತು. ಮರುಕ್ಷಣವೇ ನಾಚಿಕೆಯಾಗಿ, ಬಾಬಾ ಕೆಮಿಯ ಪೂರ್ತಿ ಹೆಸರು ಸೇರಿಸಿದೆ. ಅವರನ್ನು ಸಣ್ಣವರನ್ನಾಗಿ ಮಾಡುವ 'ಪತಿ' ಎಂಬ ಒಂಟಿ ಪದವನ್ನು ಕಂಡಿದ್ದರೆ, ಅಷ್ಟು ಎತ್ತರಕ್ಕೆ ಅವರನ್ನು ಕಟ್ಟಿದ ಆಕೆಯೇ ಒಪ್ಪುತ್ತಿರಲಿಲ್ಲ.

ವಿಮಾನಕ್ಕೆ ಎರಡು ದಿನವಿರುವಾಗ ಟೇಪಿನ ಪ್ರತಿ ಕೊಟ್ಟೆ. ನನ್ನ ತಪ್ಪನ್ನೂ ಆಗಲೇ ಹೇಳಿದೆ. ಆಕೆ ಕೇಳಿಸಿಕೊಂಡು, "ಹಂಗಾರ ನಿಮ್ಮ ಹೆಸರೇನು, ಮಾಮಾ ಸ್ಮಿತಾ?" ಎಂದರು. ಇಷ್ಟು ವರ್ಷದಲ್ಲಿ ಆಕೆಯೂ ಕೇಳಿರಲಿಲ್ಲ.

"ಸುಮಂಗಲಾ."

ಎರಡು ಸಲ ಬಾಯಲ್ಲಿ ಹೊರಳಿಸಿ, ಅವರ ಭಾಷೆಯಲ್ಲಿ ಮೂರು ನಾಲ್ಕು ಸಾಲು ಹೇಳಿದರು. ನಡುವೆ ನನ್ನ ಹೆಸರು ಬಂತು. ನನ್ನ ಕತ್ತು ನೆಟ್ಟಗಾಯಿತು. ನಾನು ಅರ್ಥ ಕೇಳಲಿಲ್ಲ, ಹತ್ತಿರ ಮೆಷಿನ್ ಇರಲಿಲ್ಲ. ನನ್ನ ವೃತ್ತಿಯಲ್ಲಿ ಕಳೆದುಹೋದ ಧ್ವನಿಗಳಲ್ಲಿ ನನಗೆ ಬಹಳ ಬೇಕೆನಿಸುವುದು ಅದೇ.

ಮಂಡಿಯೂರಿದವಳ ಕೈಯಲ್ಲಿ ಅಧಿಕಾರವಿತ್ತೇ, ಕೂತವನ ಕೈಯಲ್ಲಿತ್ತೇ ಎಂದು ಹುಡುಗಿಯರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಆ ಕೋಣೆಯಲ್ಲಿ ಗಂಡಸನ್ನು ಬೆಳೆಸುವುದೂ ಕುಗ್ಗಿಸುವುದೂ ಆಕೆಯ ನಾಲಿಗೆಯಲ್ಲಿತ್ತು, ಅದನ್ನು ನೋಡಿದ್ದೇನೆ. ಕೋಣೆಯಿಂದ ಹೊರಗೆ ಬಂದ ಕಾಗದದಲ್ಲಿ ಆಕೆ ಇರಲಿಲ್ಲ, ಅದನ್ನು ಮಾಡಿದ್ದೇನೆ.

ಆ ವರ್ಷ ರಜೆಗೆ ಊರಿಗೆ ಬಂದಾಗ ಹಮೀದ್‌ರ ಹಳೆಯ ಮೆಷಿನ್ ಕೇಳಿ ತಂದಿದ್ದೆ. ನಮ್ಮ ಅತ್ತೆಯ ಒಡಪುಗಳನ್ನು ತುಂಬಿಕೊಳ್ಳಬೇಕೆಂದು ಆಸೆ. ಓಣಿಯ ಮದುವೆ, ಸೀಮಂತಗಳಿಗೆ ಅವರೇ ಬೇಕು. ಮಾವನ ಹೆಸರನ್ನು ನೂರು ಬಗೆಯಲ್ಲಿ ಕಟ್ಟಬಲ್ಲರು. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಶೇಂಗಾ ಸುಲಿಯುತ್ತ, ಒಂದಾದ ಮೇಲೊಂದು ಹೇಳಿದರು. ಮಾವ ಒಳಗೆ ಪೇಪರ್ ಓದುತ್ತಿದ್ದವರು ಪುಟ ತಿರುವುವುದನ್ನು ನಿಲ್ಲಿಸಿದ್ದರು.

ಮುಗಿದ ಮೇಲೆ, ಅಭ್ಯಾಸಬಲದಿಂದ ಅಲ್ಲೇ ಕಾರ್ಡು ತೆಗೆದೆ. ಕವಿ: ಪಾರ್ವತೆವ್ವ, ಎಂದು ಬರೆದು, ಪೆನ್ನು ನಿಂತಿತು. ಪಾರ್ವತಿ ಎಂಬುದು ಮದುವೆಯ ದಿನ ಈ ಮನೆಯವರು ಅಕ್ಕಿಯ ಮೇಲೆ ಬರೆಸಿ ಇಟ್ಟ ಹೆಸರು. ಅದು ನಮ್ಮಲ್ಲಿಯ ಪದ್ಧತಿ. ನನ್ನ ಹೆಸರು ಉಳಿದದ್ದು ಮದುವೆಗೆ ಮೊದಲೇ ಪಾಸ್‌ಪೋರ್ಟ್ ಆಗಿತ್ತೆಂಬ ಕಾರಣಕ್ಕೆ, ಅಷ್ಟೇ.

"ಅತ್ತಿ," ಎಂದೆ, "ತವರಮನ್ಯಾಗ ನಿಮ್ಮನ್ನ ಏನಂತ ಕರೀತಿದ್ರು?"

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. "ಮಷಿನ್ ಬಂದ್ ಐತೇನವಾ?"

"ಇಲ್ರಿ."

"ಬಂದ್ ಮಾಡು."

ಹಮೀದ್ ಇದ್ದಿದ್ದರೆ ಮಾಡುತ್ತಿರಲಿಲ್ಲ. ನಾನು ಮಾಡಿದೆ. ಅತ್ತೆ ಒಳಕೋಣೆಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಮಡಿಲಿನ ಸಿಪ್ಪೆ ಕೊಡವಿ, ಚಹಾಕ್ಕೆ ನೀರಿಡಲು ಎದ್ದುಹೋದರು.

ಮಾವ ಈಗಿಲ್ಲ. ಅತ್ತೆಗೆ ತೊಂಬತ್ತು ದಾಟಿದೆ, ನಮ್ಮೊಂದಿಗೇ ಇದ್ದಾರೆ. ಅರ್ಧಕ್ಕೇ ನಿಂತ ಆ ಕಾರ್ಡು ನನ್ನ ಮೇಜಿನ ಮೇಲಿದೆ. ನಿನ್ನೆ ತಲೆ ಬಾಚಿಕೊಡುವಾಗ, ಮೆಷಿನ್ ಇಲ್ಲದೆ, ಕಾರ್ಡಿಲ್ಲದೆ, ಮತ್ತೆ ಕೇಳಿದೆ:

"ಅತ್ತಿ, ಏನಂತ ಕರೀತಿದ್ರು ನಿಮ್ಮನ್ನ?"